ಮೂಲೆ ರೂಮಿನ ತಕರಾರು

"ಮ್ಯಾಪ್ ಅಲ್ಲಾಡಿಸ್ಬೇಡ ಕಣೇ! ಇನ್ನೂ ಮೇಲೆ ಹಿಡಿ," ಎಂದಳು ನಿಸರ್ಗಾ.

"ಕೈ ನೋಯ್ತಿದೆ ಅಕ್ಕಾ," ಎಂದು ಅಮೆರಿಕದ ಹಿಂದಿನಿಂದ ದನಿ ಬಂತು. ಮ್ಯಾಪಿನ ಕೆಳಗೆ ಕಾಣುತ್ತಿದ್ದುದು ಎರಡು ಪುಟ್ಟ ಕಾಲು, ಎರಡು ಬಣ್ಣದ ಸಾಕ್ಸ್. ಅದು ತಂಗಿ ಅದಿತಿ.

ಕೊರೊನಾ ಕಾಟಕ್ಕೆ ಐರ್ಲೆಂಡಿನ ಲೆಟರ್‌ಕೆನ್ನಿ ಊರಿನ ಶಾಲೆಗಳೆಲ್ಲ ಮುಚ್ಚಿದ್ದವು. ಪಾಠವೆಲ್ಲ ಲ್ಯಾಪ್‌ಟಾಪಿನಲ್ಲಿ. ಇವತ್ತು ಮಿಸ್ ಗ್ಯಾಲಹರ್ ಅವರ ಕ್ಲಾಸಿನಲ್ಲಿ ಡಿಬೇಟ್. ಹಿಂದೆ ಅಮೆರಿಕದ ಉತ್ತರದವರೂ ದಕ್ಷಿಣದವರೂ ಯಾಕೆ ಕಿತ್ತಾಡಿ ಕೊನೆಗೆ ಯುದ್ಧಕ್ಕೇ ಇಳಿದರು ಎಂಬುದು ವಿಷಯ. ನಿಸರ್ಗಾ ಉತ್ತರದವರ ನಾಯಕಿ. ನಾಯಕಿ ಎಂದ ಮೇಲೆ ಮ್ಯಾಪ್ ಹಿಡಿಯಲು ಒಬ್ಬರು ಬೇಡವೇ?

ಅದಿತಿಗೆ ಇದೇನು ಹೊಸದಲ್ಲ. ಅಮ್ಮ ಆಸ್ಪತ್ರೆಯಲ್ಲಿ ಡಾಕ್ಟರ್. ಡ್ಯೂಟಿಗೆ ಹೊರಡುವಾಗ, "ಅದಿತಿ, ಅಕ್ಕ ಹೇಳಿದ ಹಾಗೆ ಕೇಳು," ಎನ್ನುತ್ತಿದ್ದಳು. ಅಮ್ಮ ಹೇಳಿದ್ದು ಅಷ್ಟೇ. ನಿಸರ್ಗಾ ಅದನ್ನು ಎಳೆದೆಳೆದು ದೊಡ್ಡ ಕಾನೂನನ್ನೇ ಮಾಡಿಕೊಂಡಿದ್ದಳು. ನೀರು ತಾ, ಚಾರ್ಜರ್ ತಾ, ನನ್ನ ಹೊದಿಕೆಯನ್ನೂ ಮಡಿಸು. "ಅಮ್ಮ ಹೇಳಿದಾಳೆ" ಎಂದರೆ ಮುಗಿಯಿತು, ಮಹಾರಾಣಿಯವರು ಕೂತಲ್ಲಿಂದ ಅಲುಗಬೇಕಿರಲಿಲ್ಲ.

ಈಗೊಂದು ತಕರಾರು ಎದ್ದಿತ್ತು. ಮನೆಯವರಿಗೆ ಸೋಂಕು ತಗುಲಬಾರದೆಂದು ಅಮ್ಮ ಇಷ್ಟು ದಿನ ಮೂಲೆಯ ಪುಟ್ಟ ರೂಮಿನಲ್ಲಿ ಒಬ್ಬಳೇ ಮಲಗುತ್ತಿದ್ದಳು. ಎರಡನೇ ಲಸಿಕೆಯೂ ಆದ ಮೇಲೆ ತನ್ನ ರೂಮಿಗೆ ಮರಳಿದಳು. ಅಕ್ಕನ ಜೊತೆಗಿನ ಹಳೇ ರೂಮು ಸಾಕು, ಖಾಲಿಯಾದ ಆ ರೂಮು ತನಗೆ ಬೇಕು, ಅಲ್ಲಿ ಅಕ್ಕನ ಕಾನೂನು ನಡೆಯಬಾರದು ಎಂದು ಅದಿತಿಯ ಹಟ. ಮನೆ ಪೂರ್ತಿ ಒಂದೇ ಕಾನೂನು ಎಂದು ಅಕ್ಕನ ವಾದ. ಊಟದ ಹೊತ್ತಿಗೆ ತೀರ್ಮಾನ ಹೇಳ್ತೀನಿ ಎಂದು ಅಪ್ಪ ಆಫೀಸ್ ಕಾಲ್ ನೆಪದಲ್ಲಿ ಜಾರಿಕೊಂಡಿದ್ದ.

ನಿಸರ್ಗಾ ಗಂಟಲು ಸರಿಮಾಡಿಕೊಂಡಳು. ಮನೆಯಲ್ಲಿ ಕನ್ನಡವೇ ಆಗಬೇಕೆಂಬುದು ಅಪ್ಪನ ರೂಲ್. ಹಾಗಾಗಿ ಪ್ರಾಕ್ಟೀಸೂ ಕನ್ನಡದಲ್ಲೇ.

"ನಮ್ಮ ದೇಶ ಪಶ್ಚಿಮಕ್ಕೆ ಬೆಳೀತಿದೆ. ಹೊಸ ರಾಜ್ಯಗಳು ಬರ್ತಿವೆ. ಅಲ್ಲೂ ಗುಲಾಮರನ್ನ ಇಟ್ಕೋತೀವಿ ಅಂತಾರೆ ದಕ್ಷಿಣದವರು. ನಾವು ಬಿಡಲ್ಲ!"

ಮ್ಯಾಪಿನ ಮೇಲಿಂದ ಎರಡು ಕಣ್ಣು ಇಣುಕಿದವು. "ಮತ್ತೆ ಹಳೇ ರಾಜ್ಯಗಳಲ್ಲಿ?"

"ಅಲ್ಲಿ ಹಾಗೇ ಇರುತ್ತೆ. ಅದನ್ನ ಮುಟ್ಟಲ್ಲ ಅಂತ ನಮ್ಮವರು ಪ್ರಾಮಿಸ್ ಮಾಡಿದಾರೆ. ಜಗಳ ಬರೀ ಹೊಸದಕ್ಕೆ."

"ಆಗ್ಲೇ ಅಲ್ಲಿ ಗುಲಾಮರಾಗಿರೋರು?"

ನಿಸರ್ಗಾ ತನ್ನ ಹಾಳೆ ನೋಡಿದಳು. "ನಿಂಗೆ ಗೊತ್ತಾ, ಅಮ್ಮನ್ನ ಒಂದ್ಕಡೆ, ಮಕ್ಕಳನ್ನ ಒಂದ್ಕಡೆ ಮಾರ್ಬಿಡ್ತಿದ್ರು. ತುಂಬಾ ಕ್ರೂರ. ಮ್ಯಾಪ್ ಹಿಡಿಯೋ ಥರ ಅಲ್ಲ ಅದು."

"ಆ ಥರ ಅಂತ ನಾನೆಲ್ಲಿ ಅಂದೆ?" ಎಂದಳು ಅದಿತಿ. "ಅಷ್ಟು ಕ್ರೂರ ಆಗಿದ್ರೆ ಹಳೇ ರಾಜ್ಯದಲ್ಲಿ ಯಾಕೆ ಓಕೆ?"

ನಿಸರ್ಗಾ ಹಾಳೆಯನ್ನು ಕೆಳಗಿಟ್ಟಳು. ಊಟದ ಹೊತ್ತಿಗೆ ಅಪ್ಪನ ಮುಂದೆ ಇಡಲು ಅವಳೊಂದು ರಾಜಿ ಸೂತ್ರ ಯೋಚಿಸಿದ್ದಳು: ಮೂಲೆ ರೂಮಿನಲ್ಲಿ ಅದಿತಿ ಹೇಗಾದರೂ ಇರಲಿ, ಉಳಿದೆಲ್ಲ ಕಡೆ ಅಕ್ಕನ ಕಾನೂನೇ. ತಾನೆಷ್ಟು ಒಳ್ಳೆಯವಳು ಎಂದು ಬೆಳಗಿನಿಂದ ಒಳಗೊಳಗೇ ಬೀಗಿದ್ದೂ ಆಗಿತ್ತು. ಹಳೇ ರಾಜ್ಯಗಳನ್ನು ಮುಟ್ಟಲ್ಲ ಎಂಬ ಪ್ರಾಮಿಸಿನ ಹಾಗೇ ಅದೂ ಇತ್ತಲ್ಲ ಎನಿಸಿ ಈಗ ಅವಳಿಗೆ ನಾಚಿಕೆಯಾಯಿತು.

ಲ್ಯಾಪ್‌ಟಾಪ್ ಟಣ್ ಎಂದಿತು. ಕ್ಲಾಸ್ ಶುರುವಾಗುವುದರಲ್ಲಿತ್ತು. ಅದಿತಿ ತಾನಾಗಿಯೇ ಮ್ಯಾಪನ್ನು ಮತ್ತೆ ಮೇಲೆತ್ತಿದಳು.

"ಅದಿತಿ, ಮ್ಯಾಪ್ ಹಿಡ್ಕೋತೀಯಾ?"

"ಹಿಡ್ಕೊಂಡೇ ಇದೀನಲ್ಲ?"

"ಅಲ್ಲ ಕಣೇ, ಕೇಳ್ತಿದೀನಿ. ನಿಂಗಿಷ್ಟ ಇದ್ರೆ."

ಅದಿತಿ ಅನುಮಾನದಿಂದ ನೋಡಿದಳು. ಅಕ್ಕನಿಗೆ ಜ್ವರಗಿರ ಬಂದಿದೆಯೋ ಏನೋ. "ಇಲ್ಲ ಅಂದ್ರೆ ಅಮ್ಮಂಗೆ ಹೇಳ್ತೀಯಾ?"

"ಇಲ್ಲ."

"ಹಾಗಾದ್ರೆ... ಇಲ್ಲ!" ಎಂದು ಅದಿತಿ ಮ್ಯಾಪನ್ನು ಮಂಚದ ಮೇಲಿಟ್ಟಳು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಅಕ್ಕನ ಮುಖವನ್ನೇ ನೋಡುತ್ತ ಮೆಲ್ಲಗೆ ಹೇಳಿದಳು, "ಅಕ್ಕಾ, ಇದು ಮೂಲೆ ರೂಮಲ್ಲ. ಹಳೇ ರೂಮು."

"ಗೊತ್ತು," ಎಂದಳು ನಿಸರ್ಗಾ. ಗೋಡೆಗೆ ಮ್ಯಾಪ್ ಅಂಟಿಸಲು ಟೇಪ್ ಹುಡುಕುತ್ತ ತಾನೇ ಎದ್ದಳು.