ಗೋಡೆಯ ಬೋಳು ಮೊಳೆ

"ಆಂಟಿ, ನನ್ನ ಥೀಸಿಸ್ ಯಾರೋ ಕದ್ಬಿಟ್ಟಿದಾರೆ! ಕೂಡ್ಲೇ ಬನ್ನಿ" ಎಂದು ಸಿಂಧೂರ ಫೋನಿನಲ್ಲಿ ಕೂಗಿದಾಗ ವೈದೇಹಿ ಚಹಾ ಸೋಸುತ್ತಿದ್ದರು. ಸ್ವೀಡನ್ನಿನ ಫ್ಲೆಮಿಂಗ್ಸ್‌ಬರ್ಗ್ ಊರಿನ ಕನ್ನಡಿಗರಲ್ಲಿ ಏನೇ ಕಳೆದರೂ ಮೊದಲ ಕರೆ ಅವರಿಗೇ. ಪ್ರಯೋಗಾಲಯದಲ್ಲಿ ಜನ್ಮವಿಡೀ ಬಗೆಬಗೆಯ ಕಲೆಗಳನ್ನು ಪರೀಕ್ಷಿಸಿ ನಿವೃತ್ತರಾದ ಹೆಂಗಸು ಅವರು. ಪಕ್ಕದ ಮನೆಯ ನಳಿನಿಯನ್ನು ಬಿಟ್ಟು ಇಂಥ ಕೆಲಸಕ್ಕೆ ಎಂದೂ ಹೋದವರಲ್ಲ. ನಳಿನಿಗೆ ಅದೊಂದು ಒಳಗೊಳಗಿನ ಹೆಮ್ಮೆ.

ಸ್ವೀಡನ್ನಿನಲ್ಲಿ ಪಿಎಚ್‌ಡಿ ಪ್ರಬಂಧವನ್ನು, ಪರೀಕ್ಷಕರೆದುರು ಅದನ್ನು ಸಮರ್ಥಿಸಿಕೊಳ್ಳುವ ವಾದಕ್ಕೆ ಕೆಲವು ವಾರ ಮೊದಲೇ ಎಲ್ಲರೆದುರು ಗೋಡೆಗೆ ಮೊಳೆ ಹೊಡೆದು ತೂಗುಹಾಕುವ ಪದ್ಧತಿ. ಸಿಂಧೂರ ಅಂದು ಬೆಳಿಗ್ಗೆ ತೂಗುಹಾಕಿದ್ದಳು. ಎಲ್ಲರೂ ಫಿಕಾ ಕೋಣೆಯಲ್ಲಿ, ಅಂದರೆ ಕಾಫಿ-ತಿಂಡಿಯ ಕೋಣೆಯಲ್ಲಿ, ಕೇಕ್ ತಿನ್ನುವಷ್ಟರಲ್ಲಿ ಗೋಡೆಯಲ್ಲಿ ಬೋಳು ಮೊಳೆ ಮಾತ್ರ ಉಳಿದಿತ್ತು. ಕೈಗೆ ಬಂದಿದ್ದದ್ದು ಅದೊಂದೇ ಪ್ರತಿ, ಉಳಿದವು ಇನ್ನೂ ಅಚ್ಚಿನಲ್ಲಿ. ತೂಗುಹಾಕಲು ಅಂದೇ ಕಡೆಯ ದಿನ; ಸಂಜೆಯೊಳಗೆ ಅದು ಮತ್ತೆ ಗೋಡೆಗೇರದಿದ್ದರೆ ವಾದ ಬೇಸಿಗೆ ರಜೆಯಾಚೆಗೆ ಹೋಗುತ್ತಿತ್ತು. ಅವಳ ಕೆಲಸದ ಕರಾರೋ ಜೂನಿಗೇ ಮುಗಿಯುತ್ತಿತ್ತು.

"ಕದಿಯೋ ಅಂಥದ್ದೇನು ಬರ್ದಿದೀಯೇ?" ಎಂದರು ನಳಿನಿಯೊಡನೆ ವಿಶ್ವವಿದ್ಯಾಲಯಕ್ಕೆ ಬಂದ ವೈದೇಹಿ.

"ಅಮೆರಿಕದಲ್ಲಿ ಫ್ಯಾಕ್ಟರಿಗಳು ಎದ್ದ ಕಾಲದ ಪಾಲಿಟಿಕ್ಸ್ ಆಂಟಿ. ರಿಪಬ್ಲಿಕನ್ನರು ಆಮದು ಸುಂಕ ಏರ್ಸಿ, ಕೂಲಿಯವರ ಸಂಬಳ ಉಳ್ಸೋಕೆ ಅಂದ್ರು. ಡೆಮಾಕ್ರಟರು ಇಳಿಸ್ತೀವಿ ಅಂತ ವೋಟ್ ಕೇಳಿ, ತಮ್ಮೂರಿನ ಸರಕಿನ ಮೇಲೆ ಮಾತ್ರ ಉಳಿಸ್ಕೊಂಡ್ರು. ಯಾವ ಮಾಲೀಕರ ಜೇಬು ತುಂಬ್ತು ಅಂತ ನಾಲ್ಕನೇ ಚಾಪ್ಟರಲ್ಲಿ ಬಿಚ್ಚಿಟ್ಟಿದೀನಿ."

"ಬಿಚ್ಚಿಟ್ಟಿಲ್ಲ, ತಿರುಚಿದಾಳೆ!" ಎಂದು ಅತಿಥಿ ಪ್ರಾಧ್ಯಾಪಕ ರಮಾನಂದ ಗುಡುಗಿದರು. "ಆ ಸುಂಕ ಇಲ್ದಿದ್ರೆ ಅಲ್ಲಿ ಒಂದು ಉಕ್ಕಿನ ಕುಲುಮೆನೂ ಉರೀತಿರ್ಲಿಲ್ಲ."

ಕಳ್ಳ ಇವರೇ ಎಂದು ನಳಿನಿ ಮನಸ್ಸಿನಲ್ಲೇ ತೀರ್ಪು ಕೊಟ್ಟಳು. ಸಿಂಧೂರಳ ಜೊತೆ ಒಂದೇ ಕೋಣೆಯಲ್ಲಿ ಸಂಶೋಧನೆ ಮಾಡುವ ಭಾಸ್ಕರ, ಪಾಪ, ಎಲ್ಲರಿಗೂ ಕಾಫಿ ತಂದುಕೊಟ್ಟ. "ಮೂರು ತಿಂಗ್ಳು ತಾನೇ ಸಿಂಧೂ, ಮುಂದಕ್ಕೆ ಹಾಕ್ಬಿಡು" ಎಂದು ಸಮಾಧಾನವನ್ನೂ ಹೇಳಿದ. ಅವನ ಬಿಳಿ ಅಂಗಿಯ ತೋಳು ಒದ್ದೆಯಾಗಿತ್ತು. ಅಂಚಿನಲ್ಲಿ ಕೆಂಪು ಕಲೆ.

"ಕೇಕಿನ ಜಾಮ್ ಆಂಟಿ. ಸೋಪ್ ಹಾಕಿ ಉಜ್ಜಿದ್ರೂ ಹೋಗ್ಲಿಲ್ಲ" ಎಂದ ಅವನು, ವೈದೇಹಿ ಅತ್ತ ನೋಡಿದ್ದನ್ನು ಕಂಡು.

ವೈದೇಹಿ ಸಿಂಧೂರಳನ್ನು ಪಕ್ಕಕ್ಕೆ ಕರೆದರು. "ಗೋಡೆಗೆ ಹಾಕೋ ಮುಂಚೆ ಪುಸ್ತಕಕ್ಕೆ ಏನಾದ್ರೂ ಮಾಡಿದ್ಯಾ?"

"ಅಮ್ಮ ಹೇಳಿದ್ರು ಅಂತ ಹಿಂದ್ಗಡೆ ಅರಿಶಿನ ಕಲಸಿ ಹಚ್ಚಿದ್ದೆ" ಎಂದಳು ಅವಳು ನಾಚಿ. "ಇಲ್ಲಿಯವರು ಏನಿದು ಅಂತಾರೆ ಅಂತ ಗೋಡೆ ಕಡೆಗೆ ಮರೆ ಮಾಡಿದ್ದೆ."

ವೈದೇಹಿ ಎಲ್ಲರನ್ನೂ ಫಿಕಾ ಕೋಣೆಯಲ್ಲಿ ಕೂರಿಸಿದರು. "ರಮಾನಂದರೇ, ನೀವಲ್ಲ. ಜಗಳಕ್ಕೆ ಬಂದವ್ರು ಅಖಾಡವನ್ನೇ ಕದಿಯಲ್ಲ. ಭಾಸ್ಕರ, ತೋಳು ಚಾಚಪ್ಪ."

ಚಹಾಕ್ಕೆಂದು ಇಟ್ಟಿದ್ದ ನಿಂಬೆ ಹೋಳನ್ನು ಕಲೆಯ ಮೇಲೆ ಹಿಂಡಿದರು. ನೋಡನೋಡುತ್ತಿದ್ದಂತೆ ಕೆಂಪು ಹೋಗಿ ಹಳದಿ ಮೂಡಿತು.

"ಆರತಿಯ ನೀರು ಕೆಂಪಾಗೋದು ಹೇಗೆ? ಅರಿಶಿನಕ್ಕೆ ಸುಣ್ಣ ಬಿದ್ದಾಗ. ಇಲ್ಲಿ ಸುಣ್ಣದ ಕೆಲಸ ಸೋಪು ಮಾಡಿದೆ. ಹುಳಿ ಬಿದ್ರೆ ಹಳದಿ ವಾಪಸ್ ಬರತ್ತೆ, ಜಾಮ್ ಹೀಗೆ ಹಳದಿ ಆಗಲ್ಲ. ಹಸಿ ಅರಿಶಿನ ಇದ್ದಿದ್ದು ಪುಸ್ತಕದ ಹಿಂದೆ. ಗೋಡೆಯಿಂದ ತೆಗೆದವನಿಗೆ ಮಾತ್ರ ಅಂಟೋದು. ಮೂರು ತಿಂಗ್ಳು ಅಂದ್ಯಲ್ಲ, ಅಷ್ಟರಲ್ಲಿ ಏನಾಗ್ಬೇಕಿತ್ತು?"

ಭಾಸ್ಕರ ತೋಳನ್ನು ಹಿಂದಕ್ಕೆಳೆದುಕೊಂಡ. "ಅವಳ ನಾಲ್ಕನೇ ಚಾಪ್ಟರ್ ಆಗಸ್ಟಲ್ಲಿ ನನ್ನ ಹೆಸರಲ್ಲಿ ಜರ್ನಲ್‌ನಲ್ಲಿ ಬರತ್ತೆ. ಅವಳದ್ದು ಮೊದ್ಲು ಹೊರಬಂದ್ರೆ ನಾನು ಸಿಕ್ಕಿಬೀಳ್ತಿದ್ದೆ." ಪುಸ್ತಕ ಅವನ ಬ್ಯಾಗಿನಲ್ಲೇ ಇತ್ತು. "ಕೆಳಗೆ ಬಿದ್ದಿತ್ತು ಅಂತ ಹೇಳು ಸಿಂಧೂ, ಪ್ಲೀಸ್. ನನ್ನ ಲೈಫ್ ಹಾಳಾಗತ್ತೆ."

"ನನ್ನದನ್ನ ಹಾಳು ಮಾಡುವಾಗ ಇದು ನೆನಪಾಗ್ಲಿಲ್ವಾ?" ಸಿಂಧೂರ ಪುಸ್ತಕವನ್ನು ತನ್ನತ್ತ ಎಳೆದುಕೊಂಡಳು. "ಕದ್ದೆ ಅಂತಾನೇ ಹೇಳ್ತೀನಿ. ಎಲ್ಲರಿಗೂ ಹೇಳ್ತೀನಿ."

ರಮಾನಂದ ಎದ್ದು ಸುತ್ತಿಗೆಯನ್ನು ಅವಳ ಕೈಗಿತ್ತರು. "ಹೊಡಿಯಮ್ಮ. ವಾದದ ದಿನ ನಿನ್ನ ನಾಲ್ಕನೇ ಚಾಪ್ಟರ್ ಚಿಂದಿ ಮಾಡ್ತೀನಿ."

"ಬನ್ನಿ ಸರ್, ಕಾಯ್ತಿರ್ತೀನಿ."

ಸಿಂಧೂರ ಈ ಸಲ ಅರಿಶಿನವನ್ನು ಮುಖಪುಟಕ್ಕೇ ಹಚ್ಚಿ ಮೊಳೆ ಹೊಡೆದಳು. ಸದ್ದಿಗೆ ಬಾಗಿಲುಗಳು ತೆರೆದವು. ಅದೇನು ಹಳದಿ ಎಂದು ಸ್ವೀಡಿಶ್ ಹುಡುಗಿಯೊಬ್ಬಳು ಕೇಳಿದಳು.

"ಅರಿಶಿನ" ಎಂದಳು ಸಿಂಧೂರ, ಮತ್ತೊಂದು ಪೆಟ್ಟು ಹಾಕುತ್ತ.