ವಾಪಸ್ ಎಸೆದ ಚೆಂಡು

"ವೇದಾ... ಚೆಂಡು! ನೋಡ್ಕೋ!"

ಋಷಿ ಕೂಗುವಷ್ಟರಲ್ಲಿ ಚೆಂಡು ಮೈದಾನದ ಬದಿಯ ಬಲೆಯ ಮೇಲಿಂದ ಹಾರಿ, ಪ್ರೇಕ್ಷಕರ ನಡುವೆ ಕೂತಿದ್ದ ಅವಳ ಕಡೆಗೇ ನೇರ ಬರುತ್ತಿತ್ತು.

ವೇದಾ ಯೋಚಿಸಲಿಲ್ಲ. ಎದ್ದು ನಿಂತು ಎರಡೂ ಅಂಗೈ ಸೇರಿಸಿ ಎದೆಯ ಹತ್ತಿರ ಹಿಡಿದುಬಿಟ್ಟಳು. ಬೆರಳುಗಳು ಉರಿದವು. ಸುತ್ತಲಿದ್ದ ಜರ್ಮನ್ನರೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದರು.

"ಹಿಡಿದುಬಿಟ್ಯಾ! ನೀನೇ ಹಿಡಿದುಬಿಟ್ಯಾ!"

ಋಷಿಯ ಕೈ ಅವಳ ಹೆಗಲನ್ನು ಬಳಸಿತು. ಮದುವೆಯಾಗಿ ಮ್ಯಾನ್‌ಹೈಮ್‌ಗೆ ಬಂದ ಮೇಲೆ ನಾಲ್ಕು ಜನರೆದುರು ಅವನು ಅವಳನ್ನು ಹಾಗೆ ಹತ್ತಿರಕ್ಕೆ ಎಳೆದುಕೊಂಡದ್ದು ಅದೇ ಮೊದಲು. ವೇದಾ ಸುತ್ತ ನೋಡಿದಳು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ... ಮೈದಾನದಲ್ಲಿ ಆಟ ನಿಂತಿದೆ...

ಅವಳು ಕೈ ಬೀಸಿ ಚೆಂಡನ್ನು ವಾಪಸ್ ಮೈದಾನಕ್ಕೆ ಎಸೆದಳು.

"ಓಓ..." ಎಂಬ ರಾಗ ಎದ್ದು, ಆಮೇಲೆ ನಗು ಹರಡಿತು.

ಹೆಗಲ ಮೇಲಿದ್ದ ಕೈ ಮೆಲ್ಲಗೆ ಜಾರಿತು.

"ಎಂತ ಆಯ್ತು? ಎಸೀಬಾರದಿತ್ತಾ?"

"ಇಲ್ಲಿ ಹಿಡಿದವ್ರೇ ಇಟ್ಕೋಬಹುದು. ಬೇಸ್‌ಬಾಲ್‌ನಲ್ಲಿ ಹಾಗೇ..." ಅವನು ಮೈದಾನದ ಕಡೆ ತಿರುಗಿದ. "ಪರವಾಗಿಲ್ಲ ಬಿಡು."

ಪರವಾಗಿಲ್ಲ! ಬೈದಿದ್ದರಾದರೂ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಆ ಸಂಜೆ ಊಟ ಡೆನಿಸ್‌ನ ಮನೆಯಲ್ಲಿ. ಡೆನಿಸ್ ಮತ್ತು ಅವನ ಹೆಂಡತಿ ಲವೀನಾ ಮಂಗಳೂರಿನವರು. ಋಷಿಯ ಆಫೀಸಿನಲ್ಲೇ ಕೆಲಸ ಮಾಡುವ ಡೆನಿಸ್‌ಗೆ ಕ್ರಿಕೆಟ್ ಮತ್ತು ಇಂಗ್ಲೆಂಡಿನ ಫುಟ್‌ಬಾಲ್ ಬಿಟ್ಟರೆ ಬೇರೆ ಆಟಗಳು ಆಟವೇ ಅಲ್ಲ. ಋಷಿಯೋ ಟೆಕ್ಸಾಸ್‌ನಲ್ಲಿ ಓದಿ, ಅಲ್ಲಿ ವೀಸಾ ಕೈಕೊಟ್ಟ ಮೇಲೆ ಬ್ಲೂ ಕಾರ್ಡ್ ಎಂಬ ಇಲ್ಲಿನ ಕೆಲಸದ ಪರವಾನಗಿ ಹಿಡಿದು ಬಂದವನು. ಒಂದು ಕಾಲಕ್ಕೆ ಈ ಊರಲ್ಲಿದ್ದ ಅಮೆರಿಕದ ಸೈನಿಕರಿಂದ ಇಲ್ಲಿ ಬೇಸ್‌ಬಾಲ್ ಬೇರೂರಿದೆ ಎಂದು ತಿಳಿದದ್ದೇ ತಡ, ಅವನಿಗೆ ಊರೇ ಇಷ್ಟವಾಗಿಹೋಗಿತ್ತು.

ಚೆಂಡಿನ ಕತೆ ಕೇಳಿ ಡೆನಿಸ್ ಮೇಜು ಕುಟ್ಟಿ ನಕ್ಕ.

"ಸರಿಯಾಗೇ ಮಾಡಿದ್ಲು ಮಾರಾಯ! ಕ್ರಿಕೆಟ್ ನೋಡಿ ಬೆಳೆದವ್ರು ಚೆಂಡು ವಾಪಸ್ ಕೊಡ್ಲೇಬೇಕು. ಅದು ಹಳತಾಗ್ಬೇಕು, ತಿರುಗ್ಬೇಕು. ನಿನ್ನ ಅಮೆರಿಕದವ್ರಿಗೆ ಸ್ವಲ್ಪ ಮಣ್ಣು ತಾಗಿದ್ರೆ ಸಾಕು, ಹೊಸ ಚೆಂಡು!"

"ನೋಡೋಕೆ ಬಂದವ್ರಿಗೂ ಏನಾದ್ರೂ ಸಿಗ್ಬೇಕಲ್ಲೋ," ಎಂದ ಋಷಿ. "ನಿಮ್ದೇನು, ಐದು ದಿನ ಆಡಿ ಡ್ರಾ ಅಂತ ಕೈ ಕುಲುಕಿ ಹೋಗ್ತೀರಾ. ಅಲ್ಲಿ ಒಬ್ರು ಗೆಲ್ಲೋವರೆಗೂ ಯಾರೂ ಮನೆಗೆ ಹೋಗೋ ಹಾಗಿಲ್ಲ."

"ಸೋಲಬಾರ್ದು ಅಂತ ದಿನವಿಡೀ ಬ್ಯಾಟ್ ಹಿಡಿದು ನಿಲ್ಲೋದು ನಿಂಗೆ ಸಣ್ಣ ವಿಷಯವಾ? ಆಮೇಲೆ, ತಮ್ಮತಮ್ಮಲ್ಲೇ ಆಡ್ಕೊಂಡು ವರ್ಲ್ಡ್ ಚಾಂಪಿಯನ್ ಅಂತ ಕರ್ಕೊಳ್ಳೋವ್ರ ಜೊತೆ ನಂಗೆಂಥ ಮಾತು!"

"ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಎದುರು ಟೀಮಿನ ಅಭಿಮಾನಿಗಳನ್ನ ಬೇಲಿ ಹಾಕಿ ಬೇರೆ ಕೂರಿಸ್ತಾರೆ," ಲವೀನಾ ಪಾತ್ರೆ ತಂದಿಡುತ್ತ ಹೇಳಿದಳು. "ಅಮೆರಿಕದಲ್ಲಿ ಎರಡೂ ಕಡೆಯವ್ರು ಒಟ್ಟಿಗೆ ಕೂತು ತಿನ್ತಾರಂತೆ. ನಂಗೆ ತಿನ್ನೋ ಆಟವೇ ಸಾಕಪ್ಪ. ವೇದಾ, ನೀನು ಯಾವ ಪಾರ್ಟಿ?"

"ನಂಗೆ... ಗೊತ್ತಿಲ್ಲ."

ಎಲ್ಲರೂ ನಕ್ಕರು. ಋಷಿ ನಗುತ್ತಲೇ ಡೆನಿಸ್‌ಗೆ ಹೇಳಿದ, "ಟೆಕ್ಸಾಸ್‌ನಲ್ಲಿ ಪ್ರತಿ ಶನಿವಾರ ಒಬ್ನೇ ಚೆಂಡು ಹಿಡಿಯೋಕೆ ಗ್ಲೌಸ್ ಹಾಕ್ಕೊಂಡು ಸ್ಟೇಡಿಯಮ್ಮಲ್ಲಿ ಕೂತಿರ್ತಿದ್ದೆ ಕಣೋ. ಒಂದು ದಿನವೂ ನನ್ನ ಹತ್ರ ಚೆಂಡು ಬರ್ಲಿಲ್ಲ."

ವೇದಾಳ ಕೈಯಲ್ಲಿದ್ದ ತುತ್ತು ಅಲ್ಲೇ ಉಳಿಯಿತು.

ಅಷ್ಟು ವರ್ಷ ಕಾದದ್ದು ಕೊನೆಗೆ ಬಂತು... ನಾನು ಎಸೆದುಬಿಟ್ಟೆ!

ಹತ್ತನೇ ತರಗತಿಗೇ ಶಾಲೆ ಬಿಟ್ಟವಳು ಅವಳು. ಅಮ್ಮ ಹಾಸಿಗೆ ಹಿಡಿದ ಮೇಲೆ ಮನೆ ನೋಡಲು ಬೇರೆ ಯಾರೂ ಇರಲಿಲ್ಲ. ಕರಾವಳಿಯ ಕೋಟ ಎಂಬ ಊರಿನ ಹುಡುಗಿಗೆ ಜರ್ಮನಿಯ ಗಂಡು ಸಿಕ್ಕಿದ್ದನ್ನು ನೆಂಟರೆಲ್ಲ ಅದೃಷ್ಟ ಎಂದಿದ್ದರು. ಅದು ಋಷಿಯ ಅದೃಷ್ಟ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ದಿನಗಳು ಹಾಗೇ ಸಾಗಿದವು. ಋಷಿ ಬೆಳಿಗ್ಗೆ ಎಸ್-ಬಾನ್ ರೈಲು ಹತ್ತಿ ಆಫೀಸಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯವರೆಗೆ ವೇದಾ ಮಾತಾಡುತ್ತಿದ್ದುದು ಅಂಗಡಿಯ ಹೆಂಗಸಿನೊಡನೆ ಮಾತ್ರ. ಅದೂ ಬರುವಾಗ 'ಹಲೋ', ಹೋಗುವಾಗ 'ಚೂಸ್'. ಭಾನುವಾರ ಇಲ್ಲಿ ಸದ್ದು ಮಾಡುವಂತಿಲ್ಲ; ಮಿಕ್ಸಿ ಹಾಕಿದರೆ ಕೆಳಮನೆಯ ಅಜ್ಜ ಬಾಗಿಲು ಬಡಿಯುತ್ತಾನೆಂದು ಶನಿವಾರವೇ ಕಾಯಿ ರುಬ್ಬಿಡುತ್ತಿದ್ದಳು. ಕಿಟಕಿಯ ಹತ್ತಿರ ನಿಂತು ಟ್ರಾಮ್‌ಗಳನ್ನು ನೋಡುತ್ತಿದ್ದಳು. ಯಾವುದರಿಂದಲೂ ಪರಿಚಯದ ಮುಖ ಇಳಿಯುತ್ತಿರಲಿಲ್ಲ.

ರಾತ್ರಿ ಊಟಕ್ಕೆ ಇಬ್ಬರೂ ಎದುರುಬದುರು ಕೂತಾಗ ಲವೀನಾ ಹೇಳಿದ ಬೇಲಿ ನೆನಪಾಗುತ್ತಿತ್ತು.

"ಸಾರು ಚೆನ್ನಾಗಿದೆ."

"ಹೂಂ."

ಅಷ್ಟೇ. ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ. ದಿನ ಮುಗಿಯಿತು.

ಒಂದು ಸೋಮವಾರ ವೇದಾ ಧೈರ್ಯ ಮಾಡಿ ಒಬ್ಬಳೇ ಟ್ರಾಮ್ ಹತ್ತಿದಳು. ಬೇಸ್‌ಬಾಲ್ ಮೈದಾನದ ಹಿಂದೆ ತುರಿಕೆ ಗಿಡಗಳ ಪೊದೆಯಿತ್ತು. ಹೊರಗೆ ಹಾರಿದ ಚೆಂಡುಗಳಲ್ಲಿ ಕೆಲವು ಅಲ್ಲೇ ಬಿದ್ದು ಕಾಣೆಯಾಗುವುದನ್ನು ಅವಳು ಗಮನಿಸಿದ್ದಳು. ಅಂಗಡಿಯಲ್ಲಿ ಕೊಂಡ ಚೆಂಡು ಆಗದು. ಆಟದಿಂದ ಹಾರಿ ಬಂದದ್ದೇ ಬೇಕು. ಅದನ್ನು ಅವರ ಕೈಗೆ ಕೊಟ್ಟರೆ ಆ ಕೈ ಮತ್ತೆ ಹೆಗಲ ಮೇಲೆ ಬಂದೀತು...

ಆ ದಿನ ಸಿಗಲಿಲ್ಲ. ಮುಂದಿನ ಸೋಮವಾರವೂ ಸಿಗಲಿಲ್ಲ.

ಅಂದು ಋಷಿ ಬೇಗ ಮನೆಗೆ ಬಂದಿದ್ದ. ಒದ್ದೆ ಚಪ್ಪಲಿಯಲ್ಲಿ ಒಳಬಂದ ಅವಳು ಕೆಂಪಗೆ ಊದಿದ ಕೈಗಳನ್ನು ಶಾಲಿನೊಳಗೆ ಸೇರಿಸಿಕೊಂಡಳು.

"ಎಲ್ಲಿಗೆ ಹೋಗಿದ್ದೆ?"

"ಸುಮ್ನೆ... ಹೊರಗೆ."

ಅವನು ಅವಳ ಮುಖವನ್ನೇ ನೋಡಿದ. ಟ್ರಾಮ್ ಸ್ಟಾಪಿನಲ್ಲಿ ಅವಳು ಒಬ್ಬಳೇ ತಲೆ ತಗ್ಗಿಸಿ ಕೂತದ್ದನ್ನು ಡೆನಿಸ್ ಕಂಡು ಹೇಳಿದ್ದ. ಋಷಿಯ ಮನಸ್ಸಿನಲ್ಲಿ ಅದೇ ಕೊರೆಯುತ್ತಿತ್ತು.

"ವೇದಾ, ನಿಂಗೆ ಊರಿಗೆ ಟಿಕೆಟ್ ಮಾಡಿಸ್ತೀನಿ. ಸೀಸನ್ನಿನ ಕೊನೇ ಮ್ಯಾಚ್ ಆದ ವಾರವೇ. ಎಷ್ಟು ದಿನ ಬೇಕೋ ಇರು. ವಾಪಸ್ ಬರ್ಲೇಬೇಕು ಅಂತ... ಒತ್ತಾಯ ಏನೂ ಇಲ್ಲ."

ವೇದಾ ಶಾಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡಳು.

ಎಸೆಯುತ್ತಿದ್ದಾರೆ. ನನ್ನನ್ನೂ ವಾಪಸ್ ಎಸೆಯುತ್ತಿದ್ದಾರೆ!

"ಆಯ್ತು," ಎಂದಳು.

ಬೇಡ ಎಂದು ಅವಳು ಹೇಳಿಯಾಳೆಂದು ಋಷಿ ಒಂದು ಗಳಿಗೆ ಕಾದ. ಆಮೇಲೆ ಲ್ಯಾಪ್‌ಟಾಪ್ ತೆರೆದ.

ಕೊನೆಯ ಪಂದ್ಯ ಮುಗಿದ ಮರುದಿನ, ಊರಿಗೆ ಒಯ್ಯಲು ಚಾಕೊಲೇಟ್ ಕೊಡಿಸೋಣವೆಂದು ಋಷಿ ಮಧ್ಯಾಹ್ನವೇ ಬಂದ. ಮನೆ ಖಾಲಿ. ಅರ್ಧ ತುಂಬಿದ ಸೂಟ್‌ಕೇಸ್ ಮಂಚದ ಮೇಲಿತ್ತು. ಫೋನ್ ಮಾಡಿದರೆ ಗಾಳಿಯ ಸದ್ದು.

"ಎಲ್ಲಿದ್ದೀಯ?"

"ಮೈದಾನದಲ್ಲಿ... ಈಗ ಮನೆಗೆ ಬರ್ತೇನೆ..."

"ಅಲ್ಲೇ ಇರು!"

ಅವನು ಓಡೋಡಿ ಬಂದಾಗ ಆಸನಗಳೆಲ್ಲ ಖಾಲಿಯಿದ್ದವು. ಹಿಂದಿನ ಬೇಲಿಯಾಚೆ, ಪೊದೆಯ ನಡುವೆ, ಮಂಡಿಯೂರಿದ್ದ ವೇದಾ ಎದ್ದು ನಿಂತಳು. ಕೂದಲಲ್ಲಿ ಒಣ ಎಲೆ. ಮೊಣಕೈವರೆಗೆ ಕೆಂಪು ಗುಳ್ಳೆ.

"ಏನೇ ಇದು? ಏನ್ ಮಾಡ್ತಿದ್ದೀಯ ಇಲ್ಲಿ?"

ಅವಳು ಬೆನ್ನ ಹಿಂದಿದ್ದ ಕೈಯನ್ನು ಮುಂದೆ ಚಾಚಿದಳು. ಒದ್ದೆಯಾಗಿ ಕಪ್ಪಾದ, ಒಂದು ಕಡೆ ಹೊಲಿಗೆ ಬಿಚ್ಚಿದ ಚೆಂಡು.

"ಹೋಗುವ ಮುಂಚೆ ನಿಮ್ಗೆ ಕೊಡ್ಬೇಕು ಅಂತ ಹುಡುಕ್ತಾ ಇದ್ದೆ. ಇವತ್ತು ಸಿಕ್ತು."

"ಆ ಸೋಮವಾರಾನೂ... ಇದಕ್ಕೇ ಬಂದಿದ್ಯಾ?"

"ಅವತ್ತು ನಿಮ್ಗೆ ಎಷ್ಟು ಬೇಜಾರಾಗಿತ್ತು ಅಂತ ನಂಗೆ ಗೊತ್ತುಂಟು. ಊರಲ್ಲಿ ನಮ್ಮ ಮನೆ ಮೈದಾನದ ಪಕ್ಕ. ಅಂಡರ್ ಆರ್ಮ್ ಕ್ರಿಕೆಟ್ ಟೂರ್ನಮೆಂಟ್ ಆಗುವಾಗ ಚೆಂಡು ನಮ್ಮ ಅಂಗಳಕ್ಕೇ ಬೀಳ್ತಿತ್ತು. ಎಸೆಯುವವರೆಗೆ ಎಲ್ಲರೂ ನನ್ನ ಕಡೆ ನೋಡ್ತಾ ನಿಲ್ತಿದ್ರು. ನಂಗೆ ನಾಚಿಕೆ... ಬೇಗ ಎಸೆದು ಒಳಗೆ ಓಡ್ತಿದ್ದೆ. ಅಭ್ಯಾಸ..."

ಅವಳು ಚೆಂಡನ್ನು ಇನ್ನಷ್ಟು ಮುಂದೆ ಚಾಚಿದಳು.

ಋಷಿ ಚೆಂಡನ್ನು ತೆಗೆದುಕೊಳ್ಳದೆ ಅವಳ ಕೈಯನ್ನೇ ಹಿಡಿದುಕೊಂಡ.

"ಚೆಂಡಿಗಲ್ಲ ಕಣೇ ಬೇಜಾರಾಗಿದ್ದು. ಇಲ್ಲಿಗೆ ಬಂದಾಗ ಕೆಂಪು ಕೋಟು ಕೊಡಿಸಿದೆ. ಒಂದಿನ ಹಾಕ್ಲಿಲ್ಲ ನೀನು. ಶೂಸ್ ಕೊಡಿಸಿದೆ, ಅದೂ ಕಪಾಟಲ್ಲಿ. ನಾನು ಏನು ಕೊಟ್ರೂ ಎತ್ತಿಡ್ತೀಯ. ಅವತ್ತು ಚೆಂಡನ್ನೂ ಎಸೆದಾಗ... ಇವಳಿಗೆ ಇಲ್ಲಿಂದ ಏನೂ ಬೇಡ, ನಾನೂ ಬೇಡ ಅನ್ನಿಸ್ಬಿಡ್ತು."

ವೇದಾ ಕಣ್ಣರಳಿಸಿದಳು.

"ಅಯ್ಯೋ ದೇವರೇ! ಅದು ಹೊಸತಲ್ವಾ? ದಿನಾ ಹಾಕಿದ್ರೆ ಹಾಳಾಗ್ತದೆ ಅಂತ ಇಟ್ಟದ್ದು. ಹಬ್ಬಕ್ಕೆ ಹಾಕುವ ಅಂತ... ನೀವು ಆಫೀಸಿಗೆ ಹೋದ ಮೇಲೆ ದಿನಾ ತೆಗೆದು ನೋಡ್ತೇನೆ."

"ದಿನಾ?"

"ಹೂಂ. ಮುಟ್ಟಿ ನೋಡಿ ಮತ್ತೆ ಇಡ್ತೇನೆ."

ಅವನಿಗೆ ನಗು ಬಂತು. ನಗುವಿನ ಜೊತೆ ಕಣ್ಣೂ ತುಂಬಿತು. ಅದನ್ನು ಮರೆಮಾಚಲು ಚೆಂಡನ್ನು ಕೈಗೆ ತೆಗೆದುಕೊಂಡು, ಖಾಲಿ ಮೈದಾನದತ್ತ ಎಸೆಯುವವನಂತೆ ಕೈಯೆತ್ತಿದ.

"ಬೇಡ!" ವೇದಾ ಅವನ ಮಣಿಕಟ್ಟು ಹಿಡಿದುಕೊಂಡಳು. ಅವಳು ತಾನಾಗಿ ಅವನನ್ನು ಮುಟ್ಟಿದ್ದು ಅದೇ ಮೊದಲು. "ಸಿಕ್ಕವರೇ ಇಟ್ಕೊಳ್ಬೇಕು ಅಂದಿದ್ರಿ ಅಲ್ವಾ?"

"ಹೌದು. ಸಿಕ್ಕವ್ರೇ."

"ಹಾಗಾದ್ರೆ..." ಅವಳು ತಲೆ ತಗ್ಗಿಸಿದಳು. ಆದರೆ ಮಣಿಕಟ್ಟು ಬಿಡಲಿಲ್ಲ. "ನಂಗೆ ಯಾಕೆ ಟಿಕೆಟ್ ಮಾಡಿಸಿದ್ರಿ?"

ಗಾಳಿಗೆ ಬಲೆ ಅಲುಗಾಡುತ್ತಿತ್ತು. ಅವನು ಚೆಂಡನ್ನು ಜೇಬಿಗೆ ಹಾಕಿಕೊಂಡು, ಅವಳ ಕೂದಲಿನಿಂದ ಒಣ ಎಲೆಯನ್ನು ಮೆಲ್ಲಗೆ ತೆಗೆದ.

"ತಪ್ಪಾಯ್ತು ವೇದಾ. ನಿಂಗೆ ಇಲ್ಲಿ ಉಸಿರು ಕಟ್ತಿದೆ ಅಂದ್ಕೊಂಡೆ. ನೀನಿಲ್ದೆ ಆ ಮನೆಯಲ್ಲಿ ಹೇಗಿರ್ಲಿ ಅಂತ ಮಾತ್ರ... ಹೇಳೋಕೆ ಬಾಯಿ ಬರ್ಲಿಲ್ಲ."

"ನಂಗೂ ಬರ್ಲಿಲ್ಲ. ಹೋಗುವುದಿಲ್ಲ ಅಂತ ಹೇಳ್ಬೇಕಿತ್ತು."

"ಈಗ ಹೇಳು."

"ಹೋಗುವುದಿಲ್ಲ. ನಿಮ್ಗೆ ರಜೆ ಸಿಕ್ಕಿದಾಗ ಒಟ್ಟಿಗೆ ಹೋಗುವ."

ಅವನ ಕೈ ಅವಳ ಹೆಗಲನ್ನು ಬಳಸಿತು. ಈ ಸಲ ಯಾರ ಚಪ್ಪಾಳೆಯೂ ಇರಲಿಲ್ಲ. ವೇದಾ ಅವನ ಭುಜಕ್ಕೆ ಒರಗಿದಳು.

"ನಡುಗ್ತಾ ಇದ್ದೀಯಲ್ಲೇ. ಕೋಟು ಎಲ್ಲಿ?"

"ಕಪಾಟಲ್ಲಿ."

"ನಡಿ, ಮನೆಗೆ ಹೋಗಿ ಹಾಕ್ಕೋ. ಇವತ್ತೇ ಹಬ್ಬ."

"ನಾಳೆ?"

"ನಾಳೆಯೂ ಹಬ್ಬ."