ಅಳಿಸಿಹೋದ ಬಿಳಿ ಗೆರೆ

"ಏಯ್, ಕೌನ್ ಹೈ? ಗಾಡಿ ಸೇ ಹಾಥ್ ಹಟಾವೋ!"

ಗಾಡಿಯಿಂದ ಕೈ ತೆಗೆ ಎಂಬ ಯಶ್ಮಿತಾಳ ಹಿಂದಿ ಕೂಗಿಗೆ ಕೆಂಪು ಕಾರಿನ ಬಾನೆಟ್ಟಿನ ಅಡಿಯಿಂದ ಒಂದು ತಲೆ ಥಟ್ಟನೆ ಮೇಲೆದ್ದಿತು. ಎದ್ದ ರಭಸಕ್ಕೆ ಬಾನೆಟ್ಟಿಗೇ ಹೋಗಿ ಬಡಿಯಿತು.

"ಅಯ್ಯೋ... ಎಂತ ಮಾರಾಯ್ತಿ ಇವಳು," ಎಂದು ತಲೆ ಉಜ್ಜಿಕೊಂಡ ಆ ಮನುಷ್ಯ ತನ್ನಷ್ಟಕ್ಕೇ ಗೊಣಗಿದ.

ಯಶ್ಮಿತಾ ನಿಂತಲ್ಲೇ ನಿಂತಳು. ಅರಬ್ ನಾಡಿನ ಹಾಯಿಲ್ ಪಟ್ಟಣದಾಚೆಯ ಈ ಖರ್ಜೂರದ ತೋಟದಲ್ಲಿ, ಧೂಳು ಹಿಡಿದ ತಗಡಿನ ಶೆಡ್ಡಿನಲ್ಲಿ, ಉಡುಪಿ ಕಡೆಯ ಕನ್ನಡ... ನಗು ಬಂದೇಬಿಟ್ಟಿತು. ಆದರೆ ಸಿಟ್ಟು ಮಾಡಲು ಹೊರಟವಳು ಅಷ್ಟು ಬೇಗ ನಕ್ಕರೆ ಮರ್ಯಾದೆ ಉಳಿದೀತೇ?

"ಮಾರಾಯ್ತಿಗೆ ಕನ್ನಡ ಬರ್ತದೆ," ಎಂದಳು ಮುಖ ಗಂಟಿಕ್ಕಿ.

ಅವನ ಕಿವಿಯ ತುದಿ ಕೆಂಪಾಯಿತು. "ಕ್ಷಮಿಸಿ. ನಾನು ಜಿತೇಶ್, ಕಾರ್ಕಳದವ. ಇಲ್ಲಿನ ಸನಾಯಿಯಾ, ಅಂದ್ರೆ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜಿನಲ್ಲಿ ಕೆಲಸ. ಝುಹೈರ್ ಸಾಹೇಬರು ಕಳಿಸಿದ್ದು. ಸಾಂತಪ್ಪಣ್ಣನ ಮಗಳ ಗಾಡಿ ಅಂದ್ರು."

ಮಗಳ ಗಾಡಿ! ಇನ್ನೂ ಆಗಿರಲಿಲ್ಲ. ಆಗುವುದಕ್ಕೆ ಒಂದು ಷರತ್ತಿತ್ತು.

ಯಶ್ಮಿತಾಳ ಅಪ್ಪ ಸಾಂತಪ್ಪ ಇಪ್ಪತ್ತಾರು ವರ್ಷ ಈ ತೋಟದ ಮಾಲೀಕ ಝುಹೈರನ ತಂದೆಯ ಮನೆಯಲ್ಲಿ ಡ್ರೈವರ್ ಆಗಿದ್ದವರು. ಎಂಬತ್ತರ ದಶಕದ ಈ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ಯಜಮಾನರ ಹುಚ್ಚಾದರೂ, ಅದನ್ನು ಮಗುವಿನಂತೆ ಸಾಕಿದ್ದು ಸಾಂತಪ್ಪ. ಯಶ್ಮಿತಾ ಏಳು ವರ್ಷದವಳಿದ್ದಾಗ ಎರಡು ತಿಂಗಳು ಇಲ್ಲಿಗೆ ಬಂದಿದ್ದಳು. ಆಗ ಅಪ್ಪ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಎಂಜಿನ್ ಶುರು ಮಾಡಿ, "ಕೇಳು ಮಗಾ, ಹೇಗೆ ಹಾಡ್ತದೆ ನೋಡು," ಎಂದಿದ್ದರು. ಅವಳು ಕಟಪಾಡಿಗೆ ಮರಳಿ, ಓದಿ, ನರ್ಸ್ ಆಗಿ ಹಾಯಿಲ್‌ನ ಆಸ್ಪತ್ರೆಗೆ ಬರುವಷ್ಟರಲ್ಲಿ ಅಪ್ಪ ಇರಲಿಲ್ಲ. ಕಾರು ಮಾತ್ರ ಮಾತು ಮರೆತು ಶೆಡ್ಡಿನಲ್ಲಿ ನಿಂತಿತ್ತು.

ಈಗ ತೋಟ ಮಾರಾಟವಾಗಿತ್ತು. ಮೂರು ವಾರದ ನಂತರದ ಶನಿವಾರ ಬೆಳಿಗ್ಗೆ ಎಂಟಕ್ಕೆ ಗುಜರಿಯ ಲಾರಿ ಬಂದು ಶೆಡ್ ಖಾಲಿ ಮಾಡಲಿತ್ತು. "ಓಡಿಸಿಕೊಂಡು ಹೋಗುವುದಾದರೆ ಕಾರು ನಿನ್ನದು, ಸಿಸ್ಟರ್," ಎಂದಿದ್ದ ಝುಹೈರ್. "ಕೆಟ್ಟು ನಿಂತ ಗಾಡಿಯನ್ನು ನಿನ್ನ ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ಇಡಲು ಬಿಡುವುದಿಲ್ಲವಲ್ಲ."

"ಶುರು ಆಗ್ತದಾ?" ಎಂದು ಅವಳು ಕೇಳಿದಳು. ದನಿಯಲ್ಲಿ ಸಿಟ್ಟೆಲ್ಲ ಇಳಿದುಹೋಗಿತ್ತು.

"ಎಂಜಿನ್ ಗಟ್ಟಿ ಉಂಟು. ಪೆಟ್ರೋಲ್ ಚಿಮ್ಮಿಸುವ ಆರು ಇಂಜೆಕ್ಟರ್ ಕಟ್ಟಿಕೊಂಡಿವೆ. ಮತ್ತೆ ಇದು ಡಿಸ್ಟ್ರಿಬ್ಯೂಟರ್. ಆರು ಸಿಲಿಂಡರಿಗೆ ಸರದಿ ಪ್ರಕಾರ ಕಿಡಿ ಹಂಚುದು ಇದರ ಕೆಲಸ. ಒಳಗೆ ಪೂರ್ತಿ ಸವೆದಿದೆ." ಅವನು ಅವಳ ಮುಖ ನೋಡಿ ಮೆತ್ತಗೆ ಸೇರಿಸಿದ. "ಆಗ್ತದೆ. ಆಗದೆ ಎಂತ?"

ಆ "ಆಗದೆ ಎಂತ" ಎನ್ನುವ ಮಾತು ಅವಳ ಜೊತೆಗೇ ಕ್ವಾರ್ಟರ್ಸಿಗೆ ಬಂತು. ರಾತ್ರಿ ಪಾಳಿಗೂ ಬಂತು.

ಮರುದಿನದಿಂದ ಅವಳು ಡ್ಯೂಟಿ ಮುಗಿಸಿ ನೇರ ತೋಟಕ್ಕೆ ಬರತೊಡಗಿದಳು. ಬಿಡುವಾದಾಗ ಅವನೂ ಬರುತ್ತಿದ್ದ. ಅವಳು ಟಾರ್ಚ್ ಹಿಡಿಯುವಳು, ಸ್ಪ್ಯಾನರ್ ಕೊಡುವಳು. ಆಪರೇಷನ್ ಥಿಯೇಟರಿನ ಅಭ್ಯಾಸ, ಕೇಳುವ ಮುಂಚೆಯೇ ಸರಿಯಾದದ್ದು ಕೈಗಿಡುತ್ತಿದ್ದಳು.

"ನಿಮಗೆ ಇದೆಲ್ಲ ಯಾರು ಕಲಿಸಿದ್ದು?" ಎಂದ ಜಿತೇಶ್.

"ನೀವು ಕಣ್ಣು ಎಲ್ಲಿ ಹಾಕ್ತೀರಿ ಅಂತ ನೋಡಿದ್ರೆ ಸಾಕು. ಗೊತ್ತಾಗ್ತದೆ."

ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಅವನ ಕಣ್ಣುಗಳನ್ನು ನೋಡುತ್ತಾ ಕೂರುತ್ತೇನೆಂದು ತಾನೇ ಒಪ್ಪಿಕೊಂಡಂತಾಯಿತಲ್ಲ...

ಡಿಸ್ಟ್ರಿಬ್ಯೂಟರ್ ಬಿಚ್ಚುವ ದಿನ ಅವನು ಬಿಳಿ ಪೇಂಟ್ ಪೆನ್ನಿನಿಂದ ಅದರ ಮೇಲೊಂದು, ಅದು ಕೂರುವ ಜಾಗದಲ್ಲೊಂದು ಸಣ್ಣ ಗೆರೆ ಎಳೆದ. ಅವಳು ಎಂಜಿನ್ನಿನ ಫೋಟೋ ತೆಗೆಯುವ ನೆಪದಲ್ಲಿ ಅವನ ಫೋಟೋ ತೆಗೆದಳು. ಮುಖ ಬರಲಿಲ್ಲ, ಬಾಗಿದ ಭುಜ ಮತ್ತು ಕೈ ಮಾತ್ರ ಬಂತು. ಅಷ್ಟೇ ಸಾಕಿತ್ತು. ಅವನು ಆ ಗೆರೆ ಯಾಕೆಂದು ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಫೋಟೋ ಕದ್ದವಳಿಗೆ ಪ್ರಶ್ನೆ ಕೇಳುವ ಧೈರ್ಯ ಎಲ್ಲಿಂದ ಬರಬೇಕು?

ಹಳೆಯ ಇಂಜೆಕ್ಟರುಗಳನ್ನು ತೊಳೆದು ಪರೀಕ್ಷಿಸುವ ಯಂತ್ರ ಹಾಯಿಲ್‌ನಲ್ಲಿ ಸಿಗಲಿಲ್ಲ. ದೂರದ ಹಫ್ರ್ ಅಲ್ ಬಾತಿನ್ ಪಟ್ಟಣದಲ್ಲಿ ಉಪ್ಪಿನಂಗಡಿಯ ಅಬ್ದುಲ್ ಜಲೀಲ್ ಎಂಬ ಹಿರಿಯರ ಬಳಿ ಒಂದಿದೆಯಂತೆ. ಜಿತೇಶ್ ಎರಡು ದಿನದ ರಜೆ ಹಾಕಿ, ಆರು ಇಂಜೆಕ್ಟರುಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ ಹತ್ತಿದ. ಅರ್ಧ ದಿನದ ದಾರಿ.

ಸಂಜೆ ಅವಳ ಫೋನಿಗೆ ವಿಡಿಯೋ ಬಂತು. ಗಾಜಿನ ಕೊಳವೆಗಳೊಳಗೆ ಆರೂ ಇಂಜೆಕ್ಟರುಗಳು ಮಂಜಿನಂತೆ ನುಣ್ಣಗೆ ಚಿಮ್ಮುತ್ತಿದ್ದವು. ಹಿಂದಿನಿಂದ ಅವನ ದನಿ. "ನೋಡಿ ಸಿಸ್ಟರ್, ನಿಮ್ಮ ಪೇಷಂಟ್‌ಗಳು ಆರೂ ಡಿಸ್ಚಾರ್ಜ್."

ಅವಳು ಅದನ್ನು ಎಷ್ಟು ಸಲ ನೋಡಿದಳೋ ಲೆಕ್ಕವಿಲ್ಲ.

'ನನಗಾಗಿ ಇಷ್ಟು ದೂರ ಹೋಗಿದ್ದಾನೆ. ನಾನೂ ಏನಾದರೂ ಮಾಡಬೇಡವೇ?'

ಮಾಡಿದಳು. ಶುಕ್ರವಾರ ಒಂದು ಬಾಟಲಿ ಸ್ಪಿರಿಟ್, ಒಂದು ಕಟ್ಟು ಹತ್ತಿ ತಂದು, ಒಳಗಿನ ಸವೆದ ಭಾಗಗಳನ್ನು ಬದಲಿಸಿ ಜಿತೇಶ್ ತೆಗೆದಿಟ್ಟಿದ್ದ ಡಿಸ್ಟ್ರಿಬ್ಯೂಟರನ್ನೂ ಅದು ಕೂರುವ ಜಾಗವನ್ನೂ ಮೂಲೆ ಮೂಲೆ ಬಿಡದೆ ಒರೆಸಿದಳು. ಗಾಯ ತೊಳೆಯುವವಳ ಕೈ, ಒಂದು ಕಲೆಯನ್ನೂ ಬಿಡುವಂಥದ್ದಲ್ಲ. ಹೊಳೆಯುವ ಡಿಸ್ಟ್ರಿಬ್ಯೂಟರನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟು ಸಂತೋಷದಿಂದ ಮನೆಗೆ ಹೋದಳು.

ನಂತರದ ವಾರ ಇಬ್ಬರಿಗೂ ಬಿಡುವಾಗಲಿಲ್ಲ. ಗಡುವಿಗೆ ಒಂದೇ ದಿನ ಉಳಿದ ಶುಕ್ರವಾರ, ಇಂಜೆಕ್ಟರುಗಳನ್ನೆಲ್ಲ ಕೂರಿಸಿದ ಮೇಲೆ ಜಿತೇಶ್ ಕೊನೆಗೆ ಆ ಬಟ್ಟೆ ಬಿಚ್ಚಿದ. ಬಿಚ್ಚಿದವನು ಹಾಗೆಯೇ ನಿಂತುಬಿಟ್ಟ. ಡಿಸ್ಟ್ರಿಬ್ಯೂಟರನ್ನು ತಿರುಗಿಸಿ ನೋಡಿದ. ಎಂಜಿನ್ನಿನ ಮೇಲೆ ಬೆರಳಾಡಿಸಿದ. ಒಮ್ಮೆ ಅವಳತ್ತ ನೋಡಿ ಕಣ್ಣು ತಗ್ಗಿಸಿದ.

"ಯಲ್ಲಾ, ಯಲ್ಲಾ," ಎಂದು ಬಾಗಿಲಲ್ಲಿ ನಿಂತಿದ್ದ ಝುಹೈರ್ ಅವಸರಿಸುತ್ತಾ ಗಡಿಯಾರ ನೋಡಿದ. ಅರ್ಧ ಗಂಟೆಯಲ್ಲಿ ಅವನು ಗೇಟಿಗೆ ಬೀಗ ಹಾಕಿ ಹೋಗಬೇಕಿತ್ತು.

ಜಿತೇಶ್ ಅಂದಾಜಿನ ಮೇಲೆ ಡಿಸ್ಟ್ರಿಬ್ಯೂಟರ್ ಕೂರಿಸಿದ. ಅವಳು ಕೀ ತಿರುಗಿಸಿದಳು.

ಢಂ!

ಎಂಜಿನ್ನಿನಿಂದ ಕಪ್ಪು ಹೊಗೆ ಎದ್ದಿತು. ತುಸು ಸರಿಸಿ ಕೂರಿಸಿದ. ಮತ್ತೆ ಅದೇ ಸದ್ದು, ಅದೇ ಹೊಗೆ. ಆಮೇಲೆ ಬ್ಯಾಟರಿಯೂ ಸೋತಿತು.

"ಎಂತ ಆಯ್ತು ಜಿತೇಶ್?"

ಅವನು ಕೈ ಒರೆಸಿಕೊಳ್ಳುತ್ತಾ ನೆಲ ನೋಡಿದ. "ನನ್ನದೇ ತಪ್ಪು. ಯಾವ ಕಡೆ ಮುಖ ಮಾಡಿ ಕೂರಿಸುದು ಅಂತ ಬಿಚ್ಚುವಾಗ ಸರಿಯಾಗಿ ಗುರುತು ಹಾಕಿಕೊಳ್ಳಲಿಲ್ಲ."

ಯಶ್ಮಿತಾಳ ಕಣ್ಣು ತುಂಬಿತು. ಮೂರು ವಾರದ ಆಸೆ, ಹತ್ತಾರು ವರ್ಷದ ಹಂಬಲ, ಎಲ್ಲವೂ ಒಂದೇ ಏಟಿಗೆ ನಾಲಿಗೆಗೆ ಬಂತು. "ಗುರುತು ಹಾಕ್ಲಿಕ್ಕೂ ಬರದವರು ಯಾಕೆ ಕೈ ಹಾಕಿದ್ದು? ನಿಮಗಿದು ಒಂದು ಗಾಡಿ. ನನಗೆ ಅಪ್ಪ..."

ಅವನು ತಲೆ ತಗ್ಗಿಸಿ ಸ್ಪ್ಯಾನರುಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕತೊಡಗಿದ. ಅದೇ ಅವಳಿಗೆ ಇನ್ನಷ್ಟು ಉರಿ ಹತ್ತಿಸಿತು.

ಸಂಜೆ ಊರಿನಿಂದ ಫೋನ್ ಮಾಡಿದ ಅಮ್ಮ ವಾರಿಜಾ ನಡೆದದ್ದೆಲ್ಲ ಕೇಳಿ ಸಮಾಧಾನ ಹೇಳಿದರು. "ಹೋಗ್ಲಿ ಬಿಡು ಮಗಾ. ಅಪ್ಪನ ಗಾಡಿಯದ್ದು ಒಂದು ಫೋಟೋ ಆದ್ರೂ ಕಳಿಸು."

ಫೋಟೋ ಹುಡುಕುತ್ತಿದ್ದ ಬೆರಳು ಒಂದು ಕಡೆ ನಿಂತಿತು. ಅವಳು ಕದ್ದು ತೆಗೆದ ಆ ಫೋಟೋ. ಬಾಗಿದ ಭುಜ, ಆ ಕೈ... ಕೈಯಲ್ಲಿ ಬಿಳಿ ಪೆನ್ನು. ಪೆನ್ನಿನ ತುದಿಯಲ್ಲಿ ಒಂದು ಬಿಳಿ ಗೆರೆ.

ಗುರುತು ಹಾಕಿದ್ದ. ಚೆನ್ನಾಗಿಯೇ ಹಾಕಿದ್ದ!

ಸ್ಪಿರಿಟ್, ಹತ್ತಿ, ಮೂಲೆ ಮೂಲೆ ಬಿಡದ ತನ್ನ ಕೈ... 'ಅಯ್ಯೋ, ಅಳಿಸಿದವಳು ನಾನು. ಅವನಿಗೆ ಗೊತ್ತಾಗಿತ್ತು. ಗೊತ್ತಿದ್ದೂ ತಲೆ ತಗ್ಗಿಸಿ ನಿಂತ. ನಾನೋ, ಬಾಯಿಗೆ ಬಂದದ್ದೆಲ್ಲ ಅಂದೆ.'

ಫೋನ್ ಮಾಡಿದಳು. ಸ್ವಿಚ್ ಆಫ್. ಹಾಸಿಗೆಯ ಮೇಲೆ ಕುಳಿತು ಸಮಾಧಾನವಾಗುವಷ್ಟು ಅತ್ತಳು. ಆಮೇಲೆ ಎದ್ದು ಅಲಾರಾಂ ಇಟ್ಟಳು. ಡ್ಯೂಟಿಯಲ್ಲಿ ಹಚ್ಚುವಂತಿಲ್ಲದ, ರಜೆಗೆಂದು ಕಾದಿಟ್ಟಿದ್ದ ಒಂದು ಪುಟ್ಟ ಬಾಟಲಿಯನ್ನು ಹುಡುಕಿ ಚೀಲಕ್ಕೆ ಹಾಕಿಕೊಂಡಳು.

ಶನಿವಾರ ಬೆಳಕು ಹರಿಯುವಾಗ ತೋಟದ ಗೇಟಿನ ಮುಂದೆ ಟ್ಯಾಕ್ಸಿ ಇಳಿದಳು. ಅಲ್ಲಿ ಆಗಲೇ ಒಬ್ಬ ಕುಳಿತಿದ್ದ. ಪಕ್ಕದಲ್ಲಿ ಟೂಲ್ ಬಾಕ್ಸ್, ಮಡಿಲಲ್ಲಿ ಗ್ಯಾರೇಜಿನಿಂದ ತಂದ ಬ್ಯಾಟರಿ.

"ಫೋನ್ ಯಾಕೆ ತೆಗೀಲಿಲ್ಲ?"

"ಚಾರ್ಜ್ ಮುಗಿದಿತ್ತು. ಈ ಬ್ಯಾಟರಿ ಒಂದನ್ನೇ ಚಾರ್ಜ್ ಮಾಡಿದ್ದು," ಎಂದ ಪೆಚ್ಚಾಗಿ.

ಅವಳು ಅವನ ಎದುರು ಮೊಣಕಾಲೂರಿ ಕುಳಿತು ಫೋಟೋ ತೋರಿಸಿದಳು. "ಅಳಿಸಿದ್ದು ನಾನು. ಯಾಕೆ ಹೇಳ್ಲಿಲ್ಲ ಜಿತೇಶ್?"

ಅವನು ಬೆರಳಿನಿಂದ ಫೋಟೋ ದೊಡ್ಡದು ಮಾಡಿ ನೋಡಿದ. "ನಿಮ್ಮ ಅಪ್ಪನ ಗಾಡಿ ನಿಮ್ಮ ಕೈಯಿಂದಲೇ ನಿಂತಿತು ಅಂತ ನಿಮಗೆ ಗೊತ್ತಾಗುದು ಬೇಡ ಅನಿಸ್ತು. ನನ್ನ ಮೇಲಿನ ಸಿಟ್ಟು ಒಂದು ವಾರದಲ್ಲಿ ಹೋಗ್ತದೆ. ಆ ಬೇಜಾರ ಹೋಗುದಿಲ್ಲ."

ಯಶ್ಮಿತಾ ಮುಖ ಮುಚ್ಚಿಕೊಂಡಳು. "ಕ್ಷಮಿಸಿ" ಎನ್ನುವ ಮಾತು ಬೆರಳುಗಳ ಸಂದಿಯಿಂದ ಬಂತು.

"ಅಳುದು ಆಮೇಲೆ. ಈಗ ಕೆಲಸ ಉಂಟು. ಇದಕ್ಕೆ ಇಬ್ಬರು ಬೇಕಾಗ್ತದೆ," ಎಂದ ಅವನು. ತುಸು ತಡೆದು, "ನೀವು ಬರ್ತೀರಾ ಅಂತ ಮಾತ್ರ ಗೊತ್ತಿರ್ಲಿಲ್ಲ."

ಆರೂವರೆಗೆ ಬಂದ ಝುಹೈರ್ ಇಬ್ಬರನ್ನೂ ನೋಡಿ ಗೇಟು ತೆಗೆದ. "ಎಂಟರವರೆಗೆ," ಎಂದಷ್ಟೇ ಹೇಳಿ ತಾನೇ ಚಹಾ ಕಾಯಿಸಲು ಹೋದ.

ಜಿತೇಶ್ ಮೊದಲನೇ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ಬಿಚ್ಚಿದ. "ಈ ತೂತಿನ ಮೇಲೆ ಬೆರಳಿಡಿ. ನಾನು ಕೆಳಗಿನಿಂದ ಎಂಜಿನ್ ತಿರುಗಿಸ್ತೇನೆ. ಗಾಳಿ ಬೆರಳನ್ನು ಹೊರಗೆ ನೂಕಿದ ಕೂಡಲೇ ಹೇಳಿ. ಅಲ್ಲಿಂದ ಸರಿಯಾದ ಜಾಗ ಹಿಡೀಬಹುದು."

"ನಾಡಿ ನೋಡಿದ ಹಾಗೆ?"

"ಹೌದು. ಅದು ನಿಮಗೇ ಬರುದು."

ಅವಳು ಕಣ್ಣು ಮುಚ್ಚಿದಳು. ಅವನು ಉದ್ದನೆಯ ಸ್ಪ್ಯಾನರ್ ಹಾಕಿ ನಿಧಾನ ತಿರುಗಿಸಿದ. ಏನೂ ಇಲ್ಲ... ಏನೂ ಇಲ್ಲ... ಆಮೇಲೆ, ಬೆರಳ ತುದಿಗೆ ಮೆಲ್ಲಗೆ ಒಂದು ಒತ್ತು. ಹೆಚ್ಚುತ್ತಾ ಬಂದು ಉಸಿರಿನಂತೆ ಫುಸ್ಸೆಂದು ಹೊರಟಿತು.

"ಬಂತು... ಜಿತೇಶ್, ಬಂತು."

"ಸಾಕು. ಇನ್ನು ನನಗೆ ಬಿಡಿ."

ಅವನು ಎಂಜಿನ್ ಮುಂದಿನ ಪುಲ್ಲಿ ಚಕ್ರದ ಗುರುತಿಗೆ ಎಂಜಿನ್ನನ್ನು ಸರಿಯಾಗಿ ತಂದು ನಿಲ್ಲಿಸಿ, ಒಂದನೇ ಸಿಲಿಂಡರಿಗೆ ಮುಖ ಮಾಡಿ ಡಿಸ್ಟ್ರಿಬ್ಯೂಟರ್ ಇಳಿಸಿದ. ತಂತಿಗಳನ್ನು ಒಂದೊಂದಾಗಿ ಕೂರಿಸಿದ. ಹೊರಗೆ ಲಾರಿ ಬಂದು ನಿಂತ ಸದ್ದಾಯಿತು.

"ಕೀ ತಿರುಗಿಸಿ."

ಅವಳು ತಿರುಗಿಸಿದಳು. ಎಂಜಿನ್ ಒಮ್ಮೆ ಕೆಮ್ಮಿತು, ಎರಡು ಸಲ ಮುಗ್ಗರಿಸಿತು, ಆಮೇಲೆ... ಹಿಡಿಯಿತು. ಆರು ಸಿಲಿಂಡರುಗಳೂ ಒಂದರ ಹಿಂದೊಂದು ದನಿಗೂಡಿಸಿದವು. ಶೆಡ್ಡಿನ ತಗಡು ನಡುಗಿತು. ಏಳು ವರ್ಷದ ಹುಡುಗಿ ಅಪ್ಪನ ಪಕ್ಕ ಕುಳಿತು ಕೇಳಿದ್ದ ಅದೇ ಹಾಡು.

ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಝುಹೈರ್, "ಮಾಶಾ ಅಲ್ಲಾಹ್," ಎಂದು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ.

ಯಶ್ಮಿತಾ ಇಳಿದು ಬಂದಳು. ಅತ್ತು ಕೆಂಪಾದ ಕಣ್ಣಲ್ಲೇ ನಗುತ್ತಾ ಚೀಲದಿಂದ ಪುಟ್ಟ ಬಾಟಲಿ ತೆಗೆದಳು. ಕೆಂಪು ಉಗುರುಬಣ್ಣ.

"ಎಂತ ಅದು?"

"ಗುರುತು ಎಲ್ಲಿ ಹಾಕುದು, ತೋರಿಸಿ."

ಅವನು ತೋರಿಸಿದ ಕಡೆ, ಡಿಸ್ಟ್ರಿಬ್ಯೂಟರಿನ ಮೇಲೊಂದು, ಅದಕ್ಕೆ ಸರಿಯಾಗಿ ಎಂಜಿನ್ನಿನ ಮೇಲೊಂದು ಕೆಂಪು ಗೆರೆಯನ್ನು ಅವಳು ಎಳೆದಳು. ಎರಡೂ ಸೇರಿ ಒಂದೇ ಗೆರೆಯಾಯಿತು.

"ಇದು ಸ್ಪಿರಿಟ್ಟಿಗೆಲ್ಲ ಸುಲಭಕ್ಕೆ ಹೋಗುದಿಲ್ಲ," ಎಂದಳು ಅವನ ಮುಖ ನೋಡದೆ. "ನೀವೇ ಅಳಿಸ್ಬೇಕಷ್ಟೇ."

"ನಾನು ಅಳಿಸುದಿಲ್ಲ, ಯಶ್ಮಿತಾ."

"ಯಾವತ್ತೂ?"

ಅವನು ಮೆತ್ತಗೆ ಬಾನೆಟ್ ಮುಚ್ಚಿದ. ಸುತ್ತಿ ಹೋಗಿ ಪಕ್ಕದ ಸೀಟಿನ ಬಾಗಿಲು ತೆಗೆದು ಕುಳಿತ. "ಯಾವತ್ತೂ. ಇನ್ನು ಓಡಿಸಿ, ಲಾರಿಯವರಿಗೆ ದಾರಿ ಬೇಕಂತೆ."